ಸ್ಕೂಬಾ ತಜ್ಞರಿಗೆ ಪಾಟೀ ಸವಾಲು: ಗೇಜ್ ಮೊದಲು, ಅಭಿಪ್ರಾಯ ಆಮೇಲೆ

ಪ್ರಶ್ನೆ: ನಾನು ಧಾರವಾಡದಲ್ಲಿ ವಕೀಲಿಕೆ ಮಾಡುತ್ತಿದ್ದೇನೆ. ನನ್ನ ಕಕ್ಷಿದಾರರ ಗಂಡ, 34 ವರ್ಷ, ಅಂಡಮಾನ್ ಪ್ರವಾಸದಲ್ಲಿ ಮೊದಲ ಸಲ ಸ್ಕೂಬಾ ಮಾಡಲು ಹೋಗಿ ತೀರಿಕೊಂಡರು. ಅವರಿಗೆ ಈಜು ಬರುತ್ತಿರಲಿಲ್ಲ. ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಇಬ್ಬರು ಪ್ರವಾಸಿಗರು ಇಳಿದಿದ್ದರು. ಇಲ್ಲಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ್ದೇವೆ. ಎದುರುದಾರರು ಒಬ್ಬ ಡೈವಿಂಗ್ ತಜ್ಞರ ಅಫಿಡವಿಟ್ ಹಾಕಿಸಿದ್ದಾರೆ. ‘25 ವರ್ಷದ ಅನುಭವ. ಎಲ್ಲ ಅಂತರರಾಷ್ಟ್ರೀಯ ಮಾನದಂಡ ಪಾಲಿಸಲಾಗಿದೆ. 11 ಲೀಟರಿನ ಸಿಲಿಂಡರ್, 200 ಬಾರ್ ತುಂಬಿತ್ತು. ಸರಾಸರಿ 8 ಮೀಟರ್ ಆಳದಲ್ಲಿ 18 ನಿಮಿಷ ಕಳೆದ ಮೇಲೆ ಮೃತರು ಹಠಾತ್ತನೆ ಗಾಬರಿಯಾದರು, ಅದೇ ಸಾವಿಗೆ ಕಾರಣ’ ಎನ್ನುತ್ತದೆ ಅದು. ಪೊಲೀಸ್ ಪಂಚನಾಮೆಯಲ್ಲಿ, ಸಿಲಿಂಡರಿನ ಒತ್ತಡ ತೋರಿಸುವ ಗೇಜ್ 40 ಬಾರ್ ತೋರಿಸುತ್ತಿತ್ತು ಎಂದಿದೆ. ಮರಣೋತ್ತರ ವರದಿ ‘ಮುಳುಗಿ ಸಾವು’ ಅಂತ ಹೇಳುತ್ತದೆ. ನಾನು ಈಜುಕೊಳ ಬಿಟ್ಟು ಬೇರೆ ನೀರಿಗೆ ಇಳಿದವಳಲ್ಲ. ಈ ತಜ್ಞರನ್ನು ಏನಂತ ಕೇಳಲಿ?

ಉತ್ತರ: ನಾನು ಡೈವಿಂಗ್ ಕಲಿಸುವವನು. ತಜ್ಞನಾಗಿ ಸಾಕ್ಷಿ ಕಟ್ಟೆಯನ್ನೂ ಹತ್ತಿದ್ದೇನೆ. ಹಾಗಾಗಿ ಯಾವ ಪ್ರಶ್ನೆ ಬಂದರೆ ತಜ್ಞನಿಗೆ ಖುಷಿ, ಯಾವುದು ಬಂದರೆ ಬಾಯಿ ಒಣಗುತ್ತದೆ ಅನ್ನುವುದು ಸ್ವಲ್ಪ ಗೊತ್ತು.

ಖುಷಿ ಕೊಡುವ ಪ್ರಶ್ನೆ ಇದು: ‘ನಿಮ್ಮ ಅಭಿಪ್ರಾಯ ತಪ್ಪು ಅಲ್ವಾ?’ ಇಂಥ ಪ್ರಶ್ನೆ ಕೇಳಿದರೆ ಅವರು ಇಪ್ಪತ್ತು ನಿಮಿಷ ಪಾಠ ಮಾಡುತ್ತಾರೆ, ನೀವು ಕೇಳಿಸಿಕೊಂಡು ಕೂರಬೇಕು. ಅಭಿಪ್ರಾಯದ ಮೇಲೆ ಜಗಳಕ್ಕೆ ನಿಲ್ಲಬೇಡಿ. ಆ ಅಭಿಪ್ರಾಯ ಯಾವ ಅಂಕಿ, ಯಾವ ಕಾಗದ, ಯಾವ ವಸ್ತುವಿನ ಮೇಲೆ ನಿಂತಿದೆ ಅಂತ ಮಾತ್ರ ಕೇಳಿ. ನಿಮ್ಮ ಪ್ರಕರಣದಲ್ಲಿ ಆ ತಳಹದಿ ಬಹಳ ತೆಳು. ನೀವು ಕಳಿಸಿದ ವಿವರದಲ್ಲೇ ಅದು ಕಾಣುತ್ತಿದೆ.

ಮೊದಲು ವಿಧಾನದ ಮಾತು. ಕಲಂಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ನಡೆಯುವುದು ಅಫಿಡವಿಟ್ ಮತ್ತು ದಾಖಲೆಗಳ ಮೇಲೆ. ಸಾಕ್ಷಿಯನ್ನು ಎದುರು ನಿಲ್ಲಿಸಿ ಕೇಳುವುದು ತಾನಾಗಿ ಸಿಗುವ ಹಕ್ಕಲ್ಲ. ಸೆಕ್ಷನ್ 38ರ ಅಡಿ ಅರ್ಜಿ ಹಾಕಿ, ಕಾರಣ ತೋರಿಸಿ, ಖುದ್ದು ಅಥವಾ ವಿಡಿಯೊ ಮೂಲಕ ವಿಚಾರಣೆ ಕೇಳಬೇಕು. ಇಲ್ಲವಾದರೆ ಲಿಖಿತ ಪ್ರಶ್ನಾವಳಿ. ಪ್ರಶ್ನಾವಳಿ, ವಿಡಿಯೊ, ಸಾಕ್ಷ್ಯ ದಾಖಲಿಸಲು ನೇಮಿಸುವ ಕಮಿಷನರ್ ಈ ಮೂರೂ ದಾರಿಗಳನ್ನು ಸುಪ್ರೀಂ ಕೋರ್ಟ್ 2002ರ ಜೆ.ಜೆ. ಮರ್ಚಂಟ್ ಪ್ರಕರಣದಲ್ಲೇ ತೋರಿಸಿಕೊಟ್ಟಿದೆ.

ವಿಡಿಯೊ ವಿಚಾರಣೆಗೆ ಗಟ್ಟಿಯಾಗಿ ಪ್ರಯತ್ನಿಸಿ. ಪ್ರಶ್ನಾವಳಿ ಕೊಟ್ಟರೆ ತಜ್ಞರು ವಕೀಲರ ಕಚೇರಿಯಲ್ಲಿ ಕೂತು, ಚಹಾ ಕುಡಿಯುತ್ತಾ, ಪ್ರತಿ ಉತ್ತರಕ್ಕೂ ಎಣ್ಣೆ ಹಚ್ಚಿ ಕಳಿಸುತ್ತಾರೆ. ಅದೊಂದೇ ದಾರಿ ಉಳಿದರೆ, ಹೌದು, ಇಲ್ಲ ಅಥವಾ ಒಂದು ಅಂಕಿ, ಇಷ್ಟರಲ್ಲೇ ಉತ್ತರ ಮುಗಿಯುವಂಥ ಪ್ರಶ್ನೆ ಬರೆಯಿರಿ. ‘ಯಾಕೆ’, ‘ವಿವರಿಸಿ’ ಅನ್ನುವ ಪದ ಪ್ರಶ್ನಾವಳಿಯಲ್ಲಿ ಎಲ್ಲೂ ಬರಬಾರದು.

25 ವರ್ಷದ ಅನುಭವವನ್ನು ಅಲ್ಲಗಳೆಯಬೇಡಿ. ಅದು ನಿಜವೇ ಇರಬಹುದು. ಆದರೆ ಯಾವುದರ ಅನುಭವ ಅಂತ ಬಿಡಿಸಿ ಕೇಳಿ. ನೌಕಾಪಡೆಯ ಡೈವಿಂಗ್ ಬೇರೆ, ತೈಲ ಕಂಪನಿಗಳ ಕೆಲಸದ ಡೈವಿಂಗ್ ಬೇರೆ, ನೀರಿಗೇ ಹೊಸಬರಾದ ಪ್ರವಾಸಿಗರನ್ನು ಕೈ ಹಿಡಿದು ಇಳಿಸುವುದು ಪೂರ್ತಿ ಬೇರೆ. ಮೂವತ್ತು ವರ್ಷ ಲಾರಿ ಓಡಿಸಿದವರು ಡ್ರೈವಿಂಗ್ ಸ್ಕೂಲಿನ ಬಗ್ಗೆ ತಜ್ಞರಾಗಿಬಿಡುವುದಿಲ್ಲ. ‘ಮೊದಲ ಸಲ ಇಳಿಯುವ ಪ್ರವಾಸಿಗರನ್ನು ನೀವು ಕೊನೆಯ ಬಾರಿ ನೀರಿಗೆ ಕರೆದೊಯ್ದದ್ದು ಯಾವ ವರ್ಷ?’ ‘ನಿಮ್ಮ ಇನ್‌ಸ್ಟ್ರಕ್ಟರ್ ಮಾನ್ಯತೆ ಈ ವರ್ಷ ನವೀಕರಣ ಆಗಿದೆಯೇ?’ ‘ಎದುರುದಾರರ ಜೊತೆ ನಿಮಗೆ ತರಬೇತಿ, ಸಲಕರಣೆ ಮಾರಾಟ ಅಥವಾ ಬೇರೆ ವ್ಯವಹಾರ ಇದೆಯೇ?’ ಈ ಮೂರು ಸಾಕು. ತಜ್ಞರು ಅನ್ನಿಸಿಕೊಳ್ಳಲು ಆ ವಿಷಯದಲ್ಲೇ ವಿಶೇಷ ಅಭ್ಯಾಸ ಇರಬೇಕು, ತೀರ್ಮಾನಕ್ಕೆ ಹೇಗೆ ಬಂದರು ಎಂಬ ಮಾನದಂಡವನ್ನೂ ಮುಂದಿಡಬೇಕು ಎಂದು ಸುಪ್ರೀಂ ಕೋರ್ಟ್ 1999ರ ಹಿಮಾಚಲ ಪ್ರದೇಶ ಸರ್ಕಾರ ಮತ್ತು ಜೈಲಾಲ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ವಿಷಯ ಸೇಬಿನ ತೋಟ, ತಜ್ಞರು ತೋಟಗಾರಿಕೆ ಅಧಿಕಾರಿ. ಆದರೂ ನಿಮಗೆ ನೇರ ಉಪಯೋಗ. 2009ರ ರಮೇಶ್ ಚಂದ್ರ ಅಗರ್ವಾಲ್ ಮತ್ತು ರೀಜೆನ್ಸಿ ಹಾಸ್ಪಿಟಲ್ ತೀರ್ಪೂ ಅದೇ ಸಾಲಿನದು.

ಈಗ ಗೇಜ್. ನಿಮ್ಮ ಪ್ರಕರಣದ ಜೀವ ಇಲ್ಲಿದೆ. ಪೆನ್ನು ಹಿಡಿದು ಕೂತುಕೊಳ್ಳಿ.

ಸಿಲಿಂಡರಿನ ಗಾತ್ರ 11 ಲೀಟರ್. 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2200 ಲೀಟರ್ ಗಾಳಿ ಹಿಡಿಯುತ್ತದೆ. ಗುಣಾಕಾರ ಅಷ್ಟೇ, ಇದರಲ್ಲಿ ಗುಟ್ಟಿಲ್ಲ. ಕೊನೆಗೆ 40 ಬಾರ್ ಇತ್ತು. ಅಂದರೆ 160 ಬಾರ್ ಖರ್ಚು, 160 ಇಂಟು 11, ಒಟ್ಟು 1760 ಲೀಟರ್. 18 ನಿಮಿಷಕ್ಕೆ ಭಾಗಿಸಿ. ನಿಮಿಷಕ್ಕೆ ಹತ್ತಿರ ಹತ್ತಿರ 98 ಲೀಟರ್. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ 1 ಬಾರ್ ಏರುತ್ತದೆ. ಮೇಲೆ ಗಾಳಿಯದೇ 1 ಬಾರ್ ಇದೆ. ಹಾಗಾಗಿ 8 ಮೀಟರ್ ಆಳದಲ್ಲಿ ಒಟ್ಟು 1.8 ಬಾರ್. ಅಲ್ಲಿ ಎಳೆಯುವ ಪ್ರತಿ ಉಸಿರಿಗೂ ದಡದಲ್ಲಿ ಬೇಕಾದ್ದಕ್ಕಿಂತ 1.8 ಪಟ್ಟು ಗಾಳಿ ಹೋಗುತ್ತದೆ. 98ನ್ನು 1.8ರಿಂದ ಭಾಗಿಸಿದರೆ ಸುಮಾರು 54. ಅಂದರೆ ಈ ಮನುಷ್ಯ, ದಡದ ಲೆಕ್ಕದಲ್ಲಿ, ನಿಮಿಷಕ್ಕೆ 54 ಲೀಟರ್ ಗಾಳಿ ಖರ್ಚು ಮಾಡಿದ್ದಾರೆ. ಅದೂ ಸತತ 18 ನಿಮಿಷ.

ಶಾಂತವಾಗಿರುವ ಡೈವರ್ 15ರಿಂದ 20 ಲೀಟರ್ ತೆಗೆದುಕೊಳ್ಳುತ್ತಾರೆ. ಹೊಸಬರು ಸ್ವಲ್ಪ ಜಾಸ್ತಿ. ನಿಜವಾಗಿ ಹೆದರಿದವರು 40, 50 ಮುಟ್ಟಬಹುದು, ಆದರೆ ಅದು ಕೆಲವು ನಿಮಿಷದ ಮಾತು. ಹದಿನೆಂಟು ನಿಮಿಷದ ಸರಾಸರಿಯೇ 54 ಅಂದರೆ ಎಲ್ಲೋ ಏನೋ ಸರಿಯಿಲ್ಲ.

ಏನಿರಬಹುದು? ಒಂದು, ಸಿಲಿಂಡರ್ 200 ಬಾರ್ ತುಂಬಿರಲೇ ಇಲ್ಲ. ಎರಡು, ಎಲ್ಲೋ ಗಾಳಿ ಸೋರುತ್ತಿತ್ತು, ಸಿಲಿಂಡರಿನಿಂದ ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಬಿಡದೆ ಹರಿಯುತ್ತಿತ್ತು. ಮೂರು, ಅವರು ಇಳಿದಾಗಿನಿಂದಲೂ ಏದುಸಿರು ಬಿಡುತ್ತಿದ್ದರು. ನಾಲ್ಕು, ಮೇಲೆ ತಂದ ಮೇಲೆ ದೋಣಿಯಲ್ಲಿ ಯಾರೋ ಗಾಳಿ ಬಿಟ್ಟರು. ನಾಲ್ಕರಲ್ಲಿ ಯಾವುದು ನಿಜವಾದರೂ ‘ಹಠಾತ್ ಗಾಬರಿ’ ಅನ್ನುವ ಸಾಲು ಅಲುಗಾಡುತ್ತದೆ. ಮೂರನೆಯದು ನಿಜವಾದರೆ ಇನ್ನೂ ಕೆಟ್ಟದ್ದು. ಹದಿನೆಂಟು ನಿಮಿಷ ಏದುಸಿರು ಬಿಡುವವರ ಬಾಯಿಂದ ಗುಳ್ಳೆಗಳು ನಿಲ್ಲದೆ ಬರುತ್ತವೆ. ಒಂದು ತೋಳಳತೆಯಲ್ಲಿ ಇರಬೇಕಾದ ಇನ್‌ಸ್ಟ್ರಕ್ಟರ್‌ಗೆ ಅದು ಕಾಣಲೇಬೇಕು.

ಇದನ್ನು ಒಂದೇ ಉಸಿರಲ್ಲಿ ಕೇಳಬೇಡಿ. ಒಂದೊಂದು ಮೆಟ್ಟಿಲಾಗಿ ಕೇಳಿ. ‘11 ಲೀಟರ್ ಸಿಲಿಂಡರಿನಲ್ಲಿ 200 ಬಾರ್‌ಗೆ ಸುಮಾರು 2200 ಲೀಟರ್, ಸರಿಯೇ?’ ಸರಿ ಅನ್ನಲೇಬೇಕು, ಅದನ್ನೇ ಅವರು ತರಗತಿಯಲ್ಲಿ ಹೇಳಿಕೊಡುವುದು. ‘40 ಬಾರ್ ಉಳಿದಿದ್ದರೆ 1760 ಲೀಟರ್ ಖರ್ಚು?’ ‘ಈ ಲೆಕ್ಕವನ್ನು ಅಫಿಡವಿಟ್ ಬರೆಯುವ ಮುಂಚೆ ನೀವು ಮಾಡಿದ್ದಿರಾ?’ ಇಲ್ಲಿ ಸ್ವಲ್ಪ ನಿಲ್ಲಿ. ಮಾಡಿದ್ದೆ ಅಂದರೆ ಅದು ಅಫಿಡವಿಟ್‌ನಲ್ಲಿ ಯಾಕೆ ಬಂದಿಲ್ಲ ಎಂದು ಆಯೋಗದವರೇ ಯೋಚಿಸುತ್ತಾರೆ, ನೀವು ಕೇಳಬೇಕಿಲ್ಲ. ಮಾಡಿಲ್ಲ ಅಂದರೆ ಪಂಚನಾಮೆ ಓದದೇ ಅಭಿಪ್ರಾಯ ಕೊಟ್ಟ ಹಾಗಾಯಿತು. ಮುಂದಿನದು: ‘200 ಬಾರ್ ಇತ್ತು ಎಂಬುದನ್ನು ನೀವು ಕಣ್ಣಾರೆ ನೋಡಿದ್ದೀರಾ, ಅಥವಾ ಎದುರುದಾರರು ಹೇಳಿದ್ದೇ?’ ನಾಲ್ಕನೇ ಸಾಧ್ಯತೆಯನ್ನು ಅವರು ಹಿಡಿದುಕೊಂಡರೆ, ‘ಗಾಳಿ ಬಿಟ್ಟವರು ಯಾರು, ಅದು ಯಾವ ದಾಖಲೆಯಲ್ಲಿದೆ?’

ಒಂದು ಎಚ್ಚರಿಕೆ. ಈ ಲೆಕ್ಕ ನಿಮ್ಮ ಬಾಯಿಂದ ಬಂದರೆ ಅದು ವಾದ, ಸಾಕ್ಷ್ಯ ಅಲ್ಲ. ಅವರ ಬಾಯಿಂದ ಬರಬೇಕು, ಇಲ್ಲವೇ ನಿಮ್ಮ ಕಡೆಯ ಒಬ್ಬ ಇನ್‌ಸ್ಟ್ರಕ್ಟರ್ ಅಫಿಡವಿಟ್‌ನಲ್ಲಿ ಬರಬೇಕು. ಎರಡೂ ಆದರೆ ಒಳ್ಳೆಯದು.

ಇನ್ನು ‘ಗಾಬರಿ’. ಡೈವಿಂಗ್ ಪ್ರಕರಣಗಳಲ್ಲಿ ಎದುರು ಪಕ್ಷದ ತಜ್ಞರಿಗೆ ಇದು ಕೈಗೆ ಸಿಗುವ ಮೊದಲ ಪದ. ನನಗೆ ಈ ಪದದ ಮೇಲೆ ತಕರಾರಿದೆ. ಗಾಬರಿಗೆ ಮುಂಚೆ ಏನೋ ಆಗಿರುತ್ತದೆ: ಮಾಸ್ಕಿಗೆ ನೀರು, ಬಾಯಿಗೆ ಉಪ್ಪುನೀರು, ಉಸಿರು ಸಾಲದು, ಇನ್‌ಸ್ಟ್ರಕ್ಟರ್ ಕಾಣಲಿಲ್ಲ. ಮೊದಲ ಸಲ ಇಳಿಯುವವರು ಗಾಬರಿಯಾಗುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಇಡೀ ಪರಿಚಯ ಡೈವ್ ಕಟ್ಟಿರುವುದೇ ಆ ನಂಬಿಕೆಯ ಮೇಲೆ. ಅದಕ್ಕೇ ಆಳಕ್ಕೆ ಮಿತಿ, ಜನಕ್ಕೆ ಮಿತಿ, ಇನ್‌ಸ್ಟ್ರಕ್ಟರ್ ಕೈಗೆ ಸಿಗುವಷ್ಟು ಹತ್ತಿರ. ‘ಹೊಸಬರು ಗಾಬರಿಯಾಗುವ ಸಾಧ್ಯತೆ ನಿರೀಕ್ಷಿತವೇ?’ ಎಂದು ಕೇಳಿ. ಹೌದು ಅಂತಾರೆ. ‘ಅದನ್ನು ನಿಭಾಯಿಸುವುದು ಇನ್‌ಸ್ಟ್ರಕ್ಟರ್ ಕೆಲಸವೇ?’ ಹೌದು. ‘ಗಾಬರಿಯಾದ ಕ್ಷಣದಲ್ಲಿ ಇನ್‌ಸ್ಟ್ರಕ್ಟರ್ ಎಷ್ಟು ದೂರದಲ್ಲಿದ್ದರು, ಇನ್ನೊಬ್ಬ ಪ್ರವಾಸಿ ಯಾವ ಕಡೆ ಇದ್ದರು?’ ಗೊತ್ತಿಲ್ಲ ಅನ್ನಬೇಕಾಗುತ್ತದೆ, ಅವರು ಅಲ್ಲಿರಲಿಲ್ಲವಲ್ಲ.

ಈಜು ಬರುತ್ತಿರಲಿಲ್ಲ ಅನ್ನುವುದನ್ನು ಮಾತ್ರ ನಿಮ್ಮ ಮುಖ್ಯ ಅಸ್ತ್ರ ಮಾಡಿಕೊಳ್ಳಬೇಡಿ. ಪಾಡಿಯಂಥ ದೊಡ್ಡ ತರಬೇತಿ ಸಂಸ್ಥೆಯೂ ಪರಿಚಯ ಡೈವ್‌ಗೆ ಈಜು ಪರೀಕ್ಷೆ ಇಟ್ಟಿಲ್ಲ. ನೀವು ಅದನ್ನು ಎತ್ತಿದ ತಕ್ಷಣ ತಜ್ಞರು ಕೈಪಿಡಿ ತೆಗೆದು ತೋರಿಸುತ್ತಾರೆ, ನಿಮ್ಮ ಉಳಿದ ಪ್ರಶ್ನೆಗಳೂ ಸಪ್ಪೆಯಾಗುತ್ತವೆ.

‘ಎಲ್ಲ ಅಂತರರಾಷ್ಟ್ರೀಯ ಮಾನದಂಡ’ ಅಂದಿದ್ದಾರಲ್ಲ, ಅದು ಸುಮ್ನೆ ಬರೆಯುವ ವಾಕ್ಯ. ಯಾವ ಮಾನದಂಡ, ಯಾವ ವರ್ಷದ ಆವೃತ್ತಿ, ಯಾವ ಖಂಡ? ಪರಿಚಯ ಡೈವ್‌ಗೆ ಐಎಸ್‌ಒ 11121 ಇದೆ. 2009ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆ ಆಯಿತು. ಡೈವಿಂಗ್ ಸೇವೆ ಕೊಡುವವರಿಗೆ ಐಎಸ್‌ಒ 24803. ತರಬೇತಿ ಸಂಸ್ಥೆಗಳಿಗೆ ತಮ್ಮದೇ ಕೈಪಿಡಿ. ಪಾಡಿಯ ಪರಿಚಯ ಡೈವ್‌ಗೆ ಗರಿಷ್ಠ 12 ಮೀಟರ್. ನಮ್ಮಲ್ಲಿ 2018ರ ಭಾರತೀಯ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿಯಲ್ಲಿ ಸ್ಕೂಬಾಕ್ಕೆ ಪ್ರತ್ಯೇಕ ಭಾಗವಿದೆ. ಎದುರುದಾರರು ಯಾವ ಸಂಸ್ಥೆಗೆ ಸೇರಿದ್ದಾರೋ ಅದರ, ಆ ವರ್ಷದ ಕೈಪಿಡಿಯನ್ನು ಹಾಜರುಪಡಿಸಲು ಅರ್ಜಿ ಹಾಕಿ. ಒಬ್ಬರಿಗೆ ಎಷ್ಟು ಜನ ಎಂಬ ಅನುಪಾತ ಆಗಾಗ ಬದಲಾಗುತ್ತದೆ, ಅದಕ್ಕೆ ವರ್ಷ ಮುಖ್ಯ. ಕೈಪಿಡಿ ಕೈಗೆ ಬಂದ ಮೇಲೆ ಕೇಳಬೇಕಾದ ಒಂದು ಪ್ರಶ್ನೆ: ‘ಇದರಲ್ಲಿರುವ ಅನುಪಾತ ಒಳ್ಳೆಯ ದಿನಕ್ಕೆ ಇರುವ ಗರಿಷ್ಠ ಮಿತಿ, ಸಮುದ್ರ ಕಲಕಿದ್ದರೆ ಇನ್ನೂ ಕಡಿಮೆ ಜನರನ್ನು ಕರೆದೊಯ್ಯಬೇಕು, ಹೌದೇ?’ ಒಳ್ಳೆಯ ಇನ್‌ಸ್ಟ್ರಕ್ಟರ್ ಯಾರೂ ಇದಕ್ಕೆ ಇಲ್ಲ ಅನ್ನುವುದಿಲ್ಲ. ಆಮೇಲೆ ಆ ದಿನದ ನೀರಿನ ಸೆಳೆತ, ಎಷ್ಟು ದೂರ ಕಾಣುತ್ತಿತ್ತು, ಇವುಗಳ ದಾಖಲೆ ಕೇಳಿ.

ಸಾವಿನ ಕಾರಣದ ಬಗ್ಗೆ ಅವರು ಬರೆದ ಸಾಲಿಗೆ ಮೊದಲೇ ಆಕ್ಷೇಪ ದಾಖಲಿಸಿ. ಅವರು ಡೈವಿಂಗ್ ತಜ್ಞರು, ವೈದ್ಯರಲ್ಲ. ಮರಣೋತ್ತರ ವರದಿಯ ‘ಮುಳುಗಿ ಸಾವು’ ಅನ್ನುವುದೂ ಕಥೆಯ ಕೊನೆಯ ಪುಟ ಮಾತ್ರ. ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಂಶೋಧಕರು 1992ರಿಂದ 2003ರವರೆಗಿನ 947 ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಪ್ರತಿ ಸಾವನ್ನೂ ಸರಪಳಿಯಾಗಿ ಬಿಡಿಸಿದರು: ಮೊದಲ ಪ್ರಚೋದನೆ ಏನು, ಅದರಿಂದ ಏನಾಯಿತು, ದೇಹಕ್ಕೆ ಯಾವ ಆಘಾತ, ಕೊನೆಗೆ ಸಾವು ಹೇಗೆ. ಮೊದಲ ಪ್ರಚೋದನೆ ಗುರುತಿಸಲು ಆದ ಪ್ರಕರಣಗಳಲ್ಲಿ 41 ಶೇಕಡಾ ಗಾಳಿ ಸಾಲದೆ ಹೋದದ್ದು, 20 ಶೇಕಡಾ ಎಲ್ಲೋ ಸಿಕ್ಕಿಹಾಕಿಕೊಂಡದ್ದು, 15 ಶೇಕಡಾ ಸಲಕರಣೆಯ ತೊಂದರೆ. ನಿಮ್ಮ ಗೇಜ್ ಲೆಕ್ಕದ ಪಕ್ಕದಲ್ಲಿ ಈ ಅಧ್ಯಯನ ಇಡಿ. ‘ಈ ಅಧ್ಯಯನ ನಿಮಗೆ ಗೊತ್ತೇ? ಈ ಸಾವಿನಲ್ಲಿ ಮೊದಲ ಪ್ರಚೋದನೆ ಏನೆಂದು ನೀವು ಹುಡುಕಿದ್ದೀರಾ?’

ದೇಹದೊಳಗೆ ಗಾಳಿಗುಳ್ಳೆ ಕಂಡಿದೆ ಅಂತ ವರದಿಯಲ್ಲಿ ಎಲ್ಲಾದರೂ ಇದ್ದರೆ ಜೋಪಾನ, ಅದು ಎರಡೂ ಕಡೆ ಕೊಯ್ಯುತ್ತದೆ. ಆಳದಲ್ಲಿದ್ದ ದೇಹ ಮೇಲೆ ಬಂದ ಮೇಲೆ, ಸಾವಿನ ನಂತರವೂ, ಗುಳ್ಳೆಗಳು ಹುಟ್ಟುತ್ತವೆ. ಅದಕ್ಕೆ ನಿಮಗೆ ಡೈವಿಂಗ್ ವೈದ್ಯಕೀಯ ಗೊತ್ತಿರುವ ವೈದ್ಯರೇ ಬೇಕು. ಮೃತರಿಗೆ ಹೃದಯದ ತೊಂದರೆ ಇತ್ತೇನೋ ಎಂದು ಎದುರು ಪಕ್ಷದ ತಜ್ಞರು ಸೂಚಿಸಿದರೆ, ಆರೋಗ್ಯದ ಪ್ರಶ್ನಾಪತ್ರಿಕೆ ಕೇಳಿ. 2020ರಲ್ಲಿ ಪರಿಷ್ಕರಿಸಿದ ನಮೂನೆಯಲ್ಲಿ ಕೆಲವು ಪ್ರಶ್ನೆಗೆ ‘ಹೌದು’ ಬಂದರೆ ವೈದ್ಯರ ಒಪ್ಪಿಗೆ ಇಲ್ಲದೆ ನೀರಿಗಿಳಿಸುವಂತಿಲ್ಲ. ಅದನ್ನು ತುಂಬಿಸಿದ್ದೆಲ್ಲಿ, ಕಚೇರಿಯಲ್ಲೋ ದೋಣಿಯಲ್ಲೋ? ಯಾವ ಭಾಷೆಯಲ್ಲಿತ್ತು? ಓದಲು ಎಷ್ಟು ಹೊತ್ತು ಕೊಟ್ಟರು? ಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆಯೇ.

ಇಲ್ಲಿ ಆಸ್ಟ್ರೇಲಿಯಾದ ಒಂದು ಪ್ರಕರಣ ನೆನಪಾಗುತ್ತದೆ. 2003ರ ಅಕ್ಟೋಬರ್ 22ರಂದು ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆ, ಯೋಂಗಾಲಾ ಎಂಬ ಮುಳುಗಿದ ಹಡಗಿನ ಬಳಿ, ಮಧುಚಂದ್ರಕ್ಕೆ ಬಂದ ಅಮೆರಿಕದ ಯುವತಿ ತೀರಿಕೊಂಡಳು. ಜೊತೆಗಿದ್ದ ಗಂಡನ ಮೇಲೆ ಕೊಲೆಯ ಅನುಮಾನ ಬಂತು. ಪೊಲೀಸರು ಡೈವ್ ಕಂಪ್ಯೂಟರಿನ (ಡೈವರ್ ಜೊತೆಗೇ ನೀರಿಗಿಳಿದು ಆಳ, ಸಮಯ ಬರೆದುಕೊಳ್ಳುವ ಸಾಧನ) ದಾಖಲೆ ತೆಗೆದರು, ಅದೇ ಜಾಗದಲ್ಲಿ ಘಟನೆಯನ್ನು ಮತ್ತೆ ಮಾಡಿ ನೋಡಿದರು. ಗಂಡ 2009ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಕೊಲೆಯಲ್ಲದ ನರಹತ್ಯೆಯ ತಪ್ಪೊಪ್ಪಿಕೊಂಡು ಜೈಲು ಅನುಭವಿಸಿದ. ಆಮೇಲೆ ಅಲಬಾಮಾದಲ್ಲಿ ಕೊಲೆ ಮೊಕದ್ದಮೆ ನಡೆದಾಗ, 2012ರಲ್ಲಿ, ಸಾಕ್ಷ್ಯ ಸಾಲದು ಎಂದು ನ್ಯಾಯಾಧೀಶರೇ ಬಿಡುಗಡೆ ಮಾಡಿದರು. ಕಂಪ್ಯೂಟರ್ ಹೇಳುವುದು ಆಳ ಮತ್ತು ಸಮಯ. ಕೈ ಏನು ಮಾಡಿತು, ಮನಸ್ಸಿನಲ್ಲಿ ಏನಿತ್ತು ಅದು ಹೇಳುವುದಿಲ್ಲ. ನಿಮ್ಮ ಎದುರುದಾರರ ತಜ್ಞರು ಮೃತರ ಮನಸ್ಸಿನ ಬಗ್ಗೆ ಬರೆದಿದ್ದಾರೆ. ಅದೂ ಕಂಪ್ಯೂಟರಿನ ದಾಖಲೆ ಕೂಡ ಲಗತ್ತಿಸದೆ.

ಅದೇ ಪ್ರಕರಣದಲ್ಲಿ ಬೇರೊಬ್ಬ ಡೈವರ್ ತನ್ನ ಜೊತೆಗಾರರ ಫೋಟೊ ತೆಗೆದಿದ್ದ. ಹಿನ್ನೆಲೆಯಲ್ಲಿ ಆ ಯುವತಿ ತಳದಲ್ಲಿ ಬಿದ್ದಿರುವುದು ಅದರಲ್ಲಿ ದಾಖಲಾಗಿತ್ತು. ನಿಮ್ಮ ಪ್ರಕರಣಕ್ಕೆ ಇದರಿಂದ ಸುಳಿವಿದೆ. ಪರಿಚಯ ಡೈವ್ ಮಾಡಿಸುವವರು ಬಹುತೇಕ ಎಲ್ಲರೂ ಫೋಟೊ, ವಿಡಿಯೊ ಸೇರಿಸಿಯೇ ಪ್ಯಾಕೇಜ್ ಮಾರುತ್ತಾರೆ. ಆ ದಿನ ಕ್ಯಾಮೆರಾ ಇತ್ತೇ? ಇದ್ದರೆ ಯಾರ ಕೈಲಿತ್ತು? ಇನ್‌ಸ್ಟ್ರಕ್ಟರ್ ಕೈಲೇ ಇದ್ದರೆ ಅದು ಇನ್ನೊಂದು ಪ್ರಶ್ನೆ: ಒಂದು ಕೈ ಕ್ಯಾಮೆರಾಗೆ, ಇಬ್ಬರು ಹೊಸಬರಿಗೆ ಉಳಿದದ್ದು ಒಂದು ಕೈ. ಎಡಿಟ್ ಮಾಡಿದ ತುಣುಕು ಬೇಡ, ಮೂಲ ಫೈಲ್ ಕೇಳಿ. ಜೊತೆಗಿದ್ದ ಇನ್ನೊಬ್ಬ ಪ್ರವಾಸಿಯನ್ನೂ ಹುಡುಕಿ. ಅವರ ಫೋನಿನಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಸಲಕರಣೆ ಸರಿಯಿತ್ತು ಅನ್ನುವುದಕ್ಕೂ ಇದೇ ರೀತಿ. ‘ಆ ರೆಗ್ಯುಲೇಟರನ್ನು ನೀವು ಕೈಯಲ್ಲಿ ಹಿಡಿದು ಪರೀಕ್ಷಿಸಿದ್ದೀರಾ? ಘಟನೆ ಆದಾಗಿನಿಂದ ಅದು ಯಾರ ವಶದಲ್ಲಿತ್ತು? ಮರುದಿನ ಬೇರೆ ಪ್ರವಾಸಿಗೆ ಬಾಡಿಗೆಗೆ ಹೋಯಿತೇ?’ ಸಿಲಿಂಡರಿನಲ್ಲಿ ಉಳಿದ ಗಾಳಿಯ ಪರೀಕ್ಷೆ ಆಯಿತೇ? ಸಿಲಿಂಡರ್ ತುಂಬುವ ಕಂಪ್ರೆಸರ್ ಯಂತ್ರದ ಹೊಗೆ ಗಾಳಿಗೆ ಸೇರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಯುರೋಪಿನ ಇಎನ್ 12021 ಮಾನದಂಡ 2014ರಿಂದ ಅದಕ್ಕೆ ದಶಲಕ್ಷಕ್ಕೆ 5 ಭಾಗದ ಮಿತಿ ಇಟ್ಟಿದೆ. ಪರೀಕ್ಷೆ ಮಾಡಿಸದಿದ್ದರೆ ‘ಗಾಳಿ ಶುದ್ಧವಾಗಿತ್ತು’ ಅನ್ನುವುದು ಊಹೆ. ಕೈಲಿದ್ದ ಸಾಕ್ಷ್ಯವನ್ನು ಹಾಜರುಪಡಿಸದಿದ್ದರೆ ಅದು ಅವರಿಗೆ ವಿರುದ್ಧವಾಗಿತ್ತು ಎಂದು ಭಾವಿಸಬಹುದು ಎಂಬ ತತ್ವ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 119ರಲ್ಲಿದೆ. ಸಾಕ್ಷ್ಯ ಕಾನೂನು ಆಯೋಗಕ್ಕೆ ಅಕ್ಷರಶಃ ಅನ್ವಯಿಸದಿದ್ದರೂ ಆ ತತ್ವವನ್ನು ಎತ್ತಲು ಅಡ್ಡಿಯಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಆಸೆ ಹುಟ್ಟುತ್ತದೆ: ‘ಹಾಗಾದರೆ ಇದು ಎದುರುದಾರರ ನಿರ್ಲಕ್ಷ್ಯವೇ ಅಲ್ಲವೇ?’ ಅಂತ ಕೊನೆಗೆ ಕೇಳಿಬಿಡೋಣ ಅನ್ನುವ ಆಸೆ. ಕೇಳಬೇಡಿ. ಅವರು ಅಲ್ಲ ಅನ್ನುತ್ತಾರೆ, ಕಾರಣವನ್ನೂ ಕೊಡುತ್ತಾರೆ, ನೀವು ಒಂದು ಗಂಟೆ ಕಟ್ಟಿದ್ದನ್ನು ಎರಡು ನಿಮಿಷದಲ್ಲಿ ಕೆಡವುತ್ತಾರೆ. ಆ ತೀರ್ಮಾನ ಆಯೋಗದ್ದು.

ಸದ್ಯಕ್ಕೆ ಇದೆಲ್ಲಕ್ಕಿಂತ ಮುಂಚಿನ ಕೆಲಸ ಒಂದಿದೆ. ಡೈವ್ ಕಂಪ್ಯೂಟರಿನ ನೆನಪು ಚಿಕ್ಕದು. ತುಂಬಿದ ಮೇಲೆ ಹಳೆಯ ಡೈವ್ ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ಇನ್‌ಸ್ಟ್ರಕ್ಟರ್ ದಿನಾ ನೀರಿಗಿಳಿಯುವವರು, ಅವರ ಕಂಪ್ಯೂಟರ್ ಬೇಗ ತುಂಬುತ್ತದೆ. ಪ್ರಶ್ನಾವಳಿ ಬರೆಯುತ್ತಾ ಕೂರುವ ಮೊದಲು, ಇದೇ ವಾರ, ಕಂಪ್ಯೂಟರ್, ಕ್ಯಾಮೆರಾದ ಮೆಮೊರಿ ಕಾರ್ಡ್, ಸಿಲಿಂಡರ್ ತುಂಬಿದ ರಿಜಿಸ್ಟರ್ ಮತ್ತು ಆ ರೆಗ್ಯುಲೇಟರನ್ನು ಇದ್ದ ಹಾಗೇ ಉಳಿಸಿಕೊಂಡು ಹಾಜರುಪಡಿಸಬೇಕೆಂದು ಎದುರುದಾರರಿಗೆ ನೋಟಿಸ್ ಕಳಿಸಿ, ಅದೇ ಕೋರಿಕೆಯ ಅರ್ಜಿಯನ್ನು ಆಯೋಗಕ್ಕೂ ಹಾಕಿ. ಕಂಪ್ಯೂಟರ್ ಯಾವ ಮಾಡೆಲ್ ಎಂದು ತಿಳಿದರೆ ನನಗೆ ಬರೆಯಿರಿ. ಎಷ್ಟು ಸೆಕೆಂಡಿಗೊಮ್ಮೆ ಆಳ ಬರೆದುಕೊಳ್ಳುತ್ತದೆ ಎಂಬುದು ಮಾಡೆಲ್ ಮೇಲೆ ಹೋಗುತ್ತದೆ, ನಿಮ್ಮ ಮುಂದಿನ ಪ್ರಶ್ನೆಗಳೂ ಅದರ ಮೇಲೇ.